ಕೂಗುವ ಸರ್ವರ್

ತಂಗಿಯನ್ನು ಐಸಿಯುಗೆ ಸೇರಿಸಿದ್ದ ಅಕ್ಕ ಲಿಫ್ಟಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮ್ಯಾನೇಜರಿಗೂ ಇಂಜಿನಿಯರ್ ಹುಡುಗಿಗೂ ಜಟಾಪಟಿ.

“ಸರ್ವರ್‌ಗಳ ಮೇಲೆ ಕಣ್ಣಿಡೋ ಸಾಫ್ಟ್‌ವೇರಿನ ಲೈಸೆನ್ಸು ದಿನಕ್ಕೆ ಇಷ್ಟೇ ಎಚ್ಚರಿಕೆ ಮೆಸೇಜು ಅಂತ. ಆ ಒಂದು ಸರ್ವರೇ ಅರ್ಧ ನುಂಗ್ತಿದೆ. ಅದರ ಮೆಸೇಜು ನಿಲ್ಲಿಸಮ್ಮ.”

“ಅದು ಕೆಟ್ಟಿದೆ ಸರ್. ಕೆಟ್ಟಾಗಲೇ ಅಲ್ವಾ ಕೂಗೋದು?”

“ಲಿಮಿಟ್ ದಾಟಿದ್ರೆ ನನ್ನ ತಲೆಗೆ ಬರುತ್ತೆ.”

“ಅಳೋ ಮಗೂನ ಬಾಯಿ ಮುಚ್ಚಿದ್ರೆ ಹೊಟ್ಟೆನೋವು ನಿಲ್ಲುತ್ತಾ? ಕ್ಯಾಂಟೀನಿಂದು, ಪಾರ್ಕಿಂಗಿಂದು ನಿಲ್ಲಿಸ್ತೀನಿ. ಇದನ್ನ ಮುಟ್ಟಲ್ಲ.”

“ಹೇಳಿದಷ್ಟು ಮಾಡು.”

ಲಿಫ್ಟ್ ಬಂತು. ಹುಡುಗಿ ಹತ್ತಿದಳು.

“ಬನ್ನಿ. ಐಸಿಯು ಡಾಕ್ಟರ್ ಮುಂದೆ ನಿಂತು, ನಿಮ್ಮ ಸರ್ವರ್ ಬಾಯಿ ಮುಚ್ಚಿಸ್ತಿದೀವಿ ಅಂತ ನೀವೇ ಹೇಳಿ.”

ಮ್ಯಾನೇಜರ್ ನಿಂತಲ್ಲೇ ನಿಂತರು. ಅಕ್ಕ ಒಳಗೆ ಹೋಗಿ, ಬಾಗಿಲಿಗೆ ಕೈ ಅಡ್ಡ ಹಿಡಿದಳು.

“ಹತ್ತಿ ಸಾರ್. ನಾನೂ ಅಲ್ಲಿಗೇ.”