ಒಂದೇ ಗ್ಲಾಸು, ನಾಲ್ಕು ಮೆಮೊ

ಅಧ್ಯಕ್ಷ ಪೀಠವನ್ನು ತುಂಬಿ ಕುಳಿತಿರುವ ಮಾನ್ಯ ತಾರಾಸೋನ ಅವರೇ, ಲಿಮಾದಿಂದ ಬಂದಿರುವ ಅತಿಥಿಗಳೇ, ನಮ್ಮ ವಿಜ್ಞಾನಿ ಡಾಕ್ಟರ್ ನೆಲಿದಾ ಅವರೇ, ಮೊದಲ ಸಾಲಿನಲ್ಲಿರುವ ನನ್ನ ಹೆಂಡತಿ ದೊಮಿತಿಲಾ, ಮತ್ತು ಹೊರಗೆ ಅಂತಿಕುಚೊ ಮಾಂಸದ ಕಡ್ಡಿಗಳನ್ನು ಸುಡುವ ಹೊಗೆಯ ಕಡೆಗೇ ಮೂಗು ತಿರುಗಿಸಿರುವ ಸಭಿಕರೇ,

ಮೂವತ್ತೊಂದು ವರ್ಷ ಈ ವೀಕ್ಷಣಾಲಯದ ಆಂಟೆನಾ ತಂತಿಗಳನ್ನು ನೋಡಿಕೊಂಡವನನ್ನು ಇಂದು ಬೀಳ್ಕೊಡುತ್ತಿದ್ದೀರಿ. ಸಿಪ್ರಿಯಾನೊ ಶಿಸ್ತಿನ ಮನುಷ್ಯ ಎಂದು ಅಧ್ಯಕ್ಷರು ಈಗ ತಾನೇ ಹೊಗಳಿದರು. ನನ್ನ ಸೇವಾ ಕಡತ ಹಾಗೆ ಹೇಳುತ್ತದೆಯೇ? ಹೇಳುವುದಿಲ್ಲ. ಅದರಲ್ಲಿ ನಾಲ್ಕು ಮೆಮೊಗಳಿವೆ. ನಾಲ್ಕರಲ್ಲೂ ಕುಡುಕ ಎಂದಿದೆ. ನಾಲ್ಕಕ್ಕೂ ಅಧ್ಯಕ್ಷರದೇ ಸಹಿ.

ಅದು ಹದಿನೈದು ವರ್ಷದ ಹಿಂದಿನ ಜನವರಿ. ನೆರೆಮನೆಯ ಮಗುವಿನ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವ ಗೌರವ ನನ್ನದು. ಊಟಕ್ಕೆ ಹೋಗದಿರಲಾದೀತೇ? ಹೋದೆ. ಮಧ್ಯಾಹ್ನ ಒಂದು ಗಂಟೆಗೆ ಹಿಂತಿರುಗಿ ನೋಡಿದರೆ ಪರದೆಯ ಮೇಲಿನ ಗೆರೆ ಇಳಿಯುತ್ತಿದೆ. ಆ ಗೆರೆ ತೋರಿಸುವುದು ನಮ್ಮ ನೆತ್ತಿಯ ಮೇಲೆ ಬಲು ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರವನ್ನು, ಅಯಾನುಗೋಳವನ್ನು; ಅದು ಹಗಲೆಲ್ಲ ಮೇಲೇರಬೇಕು, ಅದು ಅದರ ರೂಢಿ. ಅಂದು ಊಟವಾದ ಮೇಲೆ ಕೆಳಗೆ ಹೊರಟಿತ್ತು.

ಆಗ ಅಧ್ಯಕ್ಷರು ನನ್ನ ಮೇಲಿನ ಇಂಜಿನಿಯರ್. ಹತ್ತಿರ ಬಂದು ಮೂಸಿದರು.

"ಎಷ್ಟು ಹಾಕಿದೀಯಾ?"

"ಒಂದೇ ಗ್ಲಾಸು, ಇಂಜಿನಿಯರ್ ಸಾಹೇಬ್ರೇ."

"ಒಂದೇ ಗ್ಲಾಸಿಗೆ ತಂತಿ ಉಲ್ಟಾ ಸಿಕ್ಕಿಸಿದೀಯಲ್ಲಯ್ಯಾ."

ಮೆಮೊ ಬಂತು. ಅದರಲ್ಲಿ ವೇಳೆ, ಒಂದು ಗಂಟೆ. ಮರುದಿನ ನಾನು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಗೆರೆ ಒಂದು ಐವತ್ತಕ್ಕೆ ಇಳಿಯಿತು. ಮೂರನೆಯ ದಿನ ಎರಡು ನಲವತ್ತಕ್ಕೆ, ನಾಲ್ಕನೆಯ ದಿನ ಮೂರೂವರೆಗೆ. ದಿನಕ್ಕೊಂದು ಮೆಮೊ. "ದಿನಾ ಐವತ್ತು ನಿಮಿಷ ತಡ. ಕುಡಿಯೋದಕ್ಕೂ ಟೈಮ್ ಟೇಬಲ್ ಇಟ್ಕೊಂಡಿದೀಯೇನು?" ಎಂದರು. ಮನೆಯಲ್ಲಿ ದೊಮಿತಿಲಾ ವಾರವಿಡೀ ಮಾತು ಬಿಟ್ಟಳು. ಐದನೆಯ ಮೆಮೊಗೆ ಕೆಲಸ ಹೋಗುತ್ತಿತ್ತು. ಹೆದರಿದ್ದೆ, ಸುಳ್ಳೇಕೆ ಹೇಳಲಿ?

ಕಾಪಾಡಿದವರು ನೆಲಿದಾ. ಮೆಮೊಗಳನ್ನು ಸಾಲಾಗಿ ಜೋಡಿಸಿ ನೋಡಿ, "ಸಿಪ್ರಿಯಾನೊ ಅವ್ರೇ, ದಿನಾ ಐವತ್ತು ನಿಮಿಷ ತಡವಾಗಿ ಬರೋದು ನೀವಲ್ಲ, ಚಂದ್ರ" ಎಂದರು. ಅದೇ ಹೊತ್ತಿಗೆ ಉತ್ತರ ಧ್ರುವದ ಮೇಲೆ, ಮೂವತ್ತು ಕಿಲೋಮೀಟರ್ ಎತ್ತರದಲ್ಲಿ, ಗಾಳಿ ಇದ್ದಕ್ಕಿದ್ದಂತೆ ಕಾದಿತ್ತಂತೆ. ಅದರಿಂದಾಗಿ, ಚಂದ್ರ ಗಾಳಿಯಲ್ಲಿ ಎಬ್ಬಿಸುವ ಉಬ್ಬರ ಬಲವಾಗಿ, ಇಲ್ಲಿನ ಅಯಾನುಗೋಳವನ್ನು ಬೆಳಿಗ್ಗೆ ಎತ್ತಿ ಮಧ್ಯಾಹ್ನ ಕೆಡವಿತಂತೆ. ಧ್ರುವದಲ್ಲಿ ಗಾಳಿ ಕಾದದ್ದಕ್ಕೆ ಇಲ್ಲಿ ನನ್ನ ಬಾಯಿ ಮೂಸಿದರು.

ಚಂದ್ರನ ವೇಳೆಗೆ ಸಾಕ್ಷಿಯೆಂದು ಆ ಮೆಮೊಗಳ ಪ್ರತಿಗಳಿಗೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ವಿಜ್ಞಾನ ಗೆದ್ದಿತು. ಕಡತದಲ್ಲಿ ಮಾತ್ರ ಕುಡುಕ ಹಾಗೇ ಉಳಿದ. ನಾಳೆ ಆ ಕಡತ ಮುಚ್ಚುತ್ತದೆ. ನೀವು ಕೊಟ್ಟ ಈ ಫಲಕಕ್ಕಿಂತ ನನಗೆ ಬೇಕಾದದ್ದು ಒಂದು ಸಹಿ. ರದ್ದತಿ ಪತ್ರ ತಂದಿದ್ದೇನೆ, ಪೆನ್ನೂ ಇದೆ.

ಅಧ್ಯಕ್ಷರು ಓದುತ್ತಿದ್ದಾರೆ. ಹುಬ್ಬೇರಿಸಿದ್ದಾರೆ. ಹೌದು ಸಾಹೇಬ್ರೇ, ರದ್ದಾಗಬೇಕಾದದ್ದು ನಾಲ್ಕಲ್ಲ, ಮೂರು ಮೆಮೊ ಮಾತ್ರ. ಅಂದು ಒಂದೇ ಗ್ಲಾಸು ಎಂದದ್ದು ಸುಳ್ಳಲ್ಲ. ಸುತ್ತ ಕೂತ ಒಂಬತ್ತು ಜನಕ್ಕೂ ಇದ್ದದ್ದು ಒಂದೇ ಗ್ಲಾಸು. ಬಿಯರ್ ಕುಡಿದು, ನೊರೆ ಕೊಡವಿ, ಪಕ್ಕದವರಿಗೆ ದಾಟಿಸುತ್ತಿದ್ದೆವು. ಎಷ್ಟು ಸುತ್ತು ಎಂದು ನೀವು ಕೇಳಲಿಲ್ಲ. ಏಳು ಸುತ್ತು. ಆ ಮೊದಲ ಮೆಮೊ ಕಡತದಲ್ಲೇ ಇರಲಿ.

ದೊಮಿತಿಲಾ, ಮತ್ತೆ ಮಾತು ಬಿಡುವುದಾದರೆ ಊಟವಾದ ಮೇಲೆ ಬಿಡು. ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮ್ಮೆಲ್ಲರಿಗೂ ವಂದನೆಗಳು. ನಮಸ್ಕಾರ.