ಬುಡನಸಾಬ ತೋರಿಸಿದ ಮಟ್ಟ

ಫೆಬ್ರವರಿಯಲ್ಲಿ ಬರಬಾರದಿದ್ದ ಮಳೆ. ತೊಂಬತ್ಮೂರನೇ ಇಸವಿ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹರವಿದ್ದ ಮೆಣಸಿನಕಾಯಿಯನ್ನು ಹಮಾಲರು ತಾಡಪಾಲಿನಡಿ ಎಳೆದು ಮುಗಿಸುವಷ್ಟರಲ್ಲಿ ಕತ್ತಲಾಯಿತು, ಕರೆಂಟೂ ಹೋಯಿತು. ದಲಾಲಿ ಕರಬಸಪ್ಪನವರ ಅಂಗಡಿಯ ಕಟ್ಟೆಯಲ್ಲಿ ಚೀಲಗಳಿಗೆ ಒರಗಿ ಕೆಲವರು ಕುಳಿತೆವು. ಘಾಟಿಗೆ ಎಲ್ಲರೂ ಸೀನುತ್ತಿದ್ದೆವು. ಕಾಯಿಯ ತೊಟ್ಟು ಬಿಡಿಸುವ ಮುದುಕಿ ದೌಲತಬಿ ಮಾತ್ರ ಸೀನಲಿಲ್ಲ.

"ದೌಲತಬಿ, ಒಂದು ದೆವ್ವದ ಕತಿ ಹೇಳು. ಚಾ ತರಸ್ತೇನಿ," ಎಂದರು ಕರಬಸಪ್ಪ.

"ಚಾ ಮೊದಲ ಬರಲಿ ಸಾವ್ಕಾರ. ಕತಿ ಕೇಳಿದ ಮ್ಯಾಲೆ ನಿಮ್ಮ ಪೈಕಿ ಯಾರೂ ಹೊರಗ ಹೋಗೂದಿಲ್ಲ."

ಚಹಾ ಬಂತು. ಮುದುಕಿ ನಿಧಾನವಾಗಿ ಕುಡಿದು ಶುರುಮಾಡಿದಳು.

"ಹಲಗೇರಿಯಿಂದ ಆಚೆ, ಗುಡ್ಡದಾಗ ಒಂದು ಗಣಿ ಇತ್ರಿ. ಅದಿರು ತೊಳದ ಕೆಂಪು ರಾಡಿ ಹಳ್ಳಕ್ಕ ಹೋಗಬಾರದು ಅಂತ ಕಣಿವಿಗೆ ಅಡ್ಡ ಒಡ್ಡು ಹಾಕಿ, ಅದರ ಹಿಂದ ನಿಲ್ಲಸ್ತಿದ್ರು. ಕೆರಿ ಒಡ್ಡಿನಂಗ ಅಲ್ಲ ಮತ್ತ… ರಾಡಿ ಒಣಗಿದ ಮ್ಯಾಲೆ ಅದನ್ನ ಕೆರದು, ಒಡ್ಡಿನ ಮ್ಯಾಲೆ ಪೇರಿಸಿ, ವರ್ಷಾ ವರ್ಷಾ ಎತ್ತರ ಮಾಡೂದು. ರಾಡಿಗೆ ರಾಡೀನ ಕಾವಲು! ನಮ್ಮ ಗುಡಿಸಲು ಅದರ ಬುಡಕ್ಕ.

"ನನ್ನ ಗಂಡನ ಅಣ್ಣ ಬುಡನಸಾಬ ಅಲ್ಲಿ ವಾಚಮನ್ ಇದ್ದ. ಒಡ್ಡಿನಾಗ ಕಬ್ಬಿಣದ ಪೈಪ್ ಹುಗದಿದ್ರು. ದಿನಾ ಅದರೊಳಗ ಗುಂಡು ಕಟ್ಟಿದ ಹಗ್ಗ ಬಿಟ್ಟು, ಒಡ್ಡಿನ ಹೊಟ್ಟ್ಯಾಗ ನೀರು ಎಲ್ಲಿ ತನಕ ಏರೇತಿ ನೋಡಿ ಆಫೀಸಿಗೆ ತಿಳಸೂದು ಅವನ ಕೆಲಸ. ಓದು ಬರೂದಿಲ್ಲ. ಅದಕ್ಕ ಮ್ಯಾಲಿಂದನ ಮೈ ಮುಟ್ಟಿ ತೋರಸಾಂವ… ಮೊಣಕಾಲು ಮುಟ್ಟಿದ್ರ ಚಿಂತಿ ಇಲ್ಲ, ಟೊಂಕ ಮುಟ್ಟಿದ್ರ ಹುಷಾರು, ಎದಿ ಮುಟ್ಟಿದ್ರ ಗಣಿ ಬಂದ್. ಗುಮಾಸ್ತ ನಿಜಲಿಂಗಪ್ಪ ಕಿಟಕ್ಯಾಗಿಂದ ನೋಡ್ತಿದ್ದ. ಒಂದು ಮಳಿಗಾಲದಾಗ ನಮ್ಮ ಭಾವ ಜ್ವರ ಬಂದು ಸತ್ತ. ಅವನ ಜಾಗಾಕ್ಕ ಯಾರನ್ನೂ ಹಾಕಲಿಲ್ಲ. ತಪಾಸಣಿ ಸಾಹೇಬ್ರು ಬರತಿದ್ರು, ಖರೇ… ಜೀಪ್ ಬಿಟ್ಟು ಇಳೀತಿರಲಿಲ್ಲ.

"ಇನ್ನ ನಮ್ಮ ಶ್ಯಾಣ್ಯಾತನ ಕೇಳ್ರಿ. ಒಣಗಿದ ರಾಡಿ ಅಂದ್ರ ಒಂದು ಹರಳಿಲ್ಲ, ಕಾದ ಹಂಚು. ಮೆಣಸಿನಕಾಯಿ ಒಣಗಸಾಕ ಅಂಥಾ ಕಣ ಈ ಸೀಮ್ಯಾಗಿಲ್ಲ. ಎಲ್ಲಾರೂ ಅಲ್ಲೇ ಹರವತಿದ್ವಿ. ಮ್ಯಾಲೆ ಕಾಯಿ ಗಲಗಲ ಅಂದ್ರ ಕೆಳಗೂ ಒಣಗೇತಿ ಅಂತ ನಮ್ಮ ತಿಳುವಳಿಕಿ.

"ಹಿಂಗ ಒಂದು ಅಕಾಲದ ಮಳಿ ಹೊಡೀತು. ಮರುದಿನ ಮಟಮಟ ಮಧ್ಯಾಹ್ನ, ನಾನು, ನೆರಮನಿ ಗದಿಗೆವ್ವ ನೀರು ತರಾಕತ್ತಿದ್ವಿ. ತಲಿ ಎತ್ತಿದ್ರ… ಪೈಪಿನ ಹಂತ್ಯಾಕ ಬುಡನಸಾಬ! ಹಗ್ಗ ಎಳಕೊಂಡ, ನಮ್ಮ ಕಡೆ ತಿರುಗಿದ, ಕುತ್ತಿಗಿ ಮುಟ್ಟಿ ತೋರಿಸಿದ. 'ಯಾ ಅಲ್ಲಾ, ಕುತ್ತಿಗಿ ಮುಟ್ಟ್ಯಾನ' ಅಂದೆ. ಗದಿಗೆವ್ವ 'ಕುತ್ತಿಗಿ ಎಲ್ಲೇತಿ? ಮೊಣಕಾಲು ಮುಟ್ಟಾಕತ್ತಾನ' ಅಂದ್ಲು. 'ಕಣ್ಣಾಗ ಖಾರ ಬಿದ್ದೈತೇನ ನಿನಗ?' 'ನಿನಗ ಹೂವು ಬಿದ್ದೈತಿ!' ಸತ್ತ ಮನಷ್ಯಾ ಎದರಿಗೆ ನಿಂತಾನ, ನಾವಿಬ್ರೂ ಜಗಳಾಡಾಕತ್ತೀವಿ…

"ಆಫೀಸಿಗೆ ಓಡಿದ್ವಿ. ನಿಜಲಿಂಗಪ್ಪ ನಕ್ಕ. 'ಸತ್ತಾಂವಗ ಹಾಜರಿ ಹಾಕಲೇನು? ಮೊಣಕಾಲೋ ಕುತ್ತಿಗಿಯೋ, ಮೊದಲ ಇಬ್ರೂ ಒಂದು ಮಾತು ಮಾಡಕೊಂಡು ಬರ್ರೆವಾ.' ಒಂದು ಹಗ್ಗ ಒಯ್ದು ಪೈಪಿನ್ಯಾಗ ಬಿಡಾಕ ಎಷ್ಟೊತ್ತು ಬೇಕಿತ್ರಿ? ಬಿಡಲಿಲ್ಲ.

"ನನ್ನ ಗಂಡ ಶಾಬುದ್ದೀನ ಒಡ್ಡಿನ ಮ್ಯಾಲೆ ತೊಯ್ದ ಕಾಯಿ ಹೊಳ್ಳಸಾಕತ್ತಿದ್ದ. ಇಳದು ಬಾ ಅಂತ ಕೆಳಗಿಂದ ಒದರಿದೆ. 'ಅಣ್ಣ ನನಗೂ ಕಂಡಾನ' ಅಂದ. ನಗತಿದ್ದ ಪುಣ್ಯಾತ್ಮ. 'ತಲಿ ಮ್ಯಾಲೆ ಕೈ ಇಟಗೊಂಡು ನಿಂತಾನ, ಬಿಸಲಿಗೆ ಇರಬೇಕು. ಕಾಯಿ ಬಿಟ್ಟು ಎಲ್ಲಿ ಬರಲಿ?' ಎಳಕೊಂಡ ಬರತೇನಿ ಅಂತ ನಾನ ಏರಾಕತ್ತಿದೆ…

"ಸಪ್ಪಳ ಆಗಲಿಲ್ರಿ. ಒಡ್ಡು ಒಡೀತು ಅಂತಾರಲ್ಲ, ಒಡೀಲಿಲ್ಲ. ಹಾಲಿನ ಮ್ಯಾಲಿನ ಕೆನಿ ಜರದಂಗ ಜರೀತು. ಅಂವ ನಿಂತ ನೆಲಾನ ನೀರಾತು. ಕೆಂಪು ಕಾಯಿ, ಕೆಂಪು ರಾಡಿ… ಅದರಾಗ ಅಂವನ್ನ ಎಲ್ಲಿ ಹುಡುಕೂದು? ಮೂರನೇ ದಿನಕ್ಕ ಹೆಣ ಸಿಕ್ತು. ನನ್ನನ್ನ ಅಗದು ತಗದ್ರು. ರಾಡಿ ಎಲ್ಲಿ ತನಕ ಬಂದು ನಿಂತಿತ್ತು ಗೊತ್ತೇನ್ರಿ?"

ದೌಲತಬಿ ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು.

"ಗದಿಗೆವ್ವ ಆಫೀಸಿನ ಬಾಗಲದಾಗ ನಿಂತಿದ್ಲು. ಆಕೀಗೆ ಮೊಣಕಾಲು ತನಕ. ನನ್ನ ಗಂಡಗ… ತಲಿ ಮುಣಗಿತ್ತು. ಈಗ ನೀವ ಹೇಳ್ರಿ. ಭಾವ ತೋರಿಸಿದ್ದು ಪೈಪಿನ ನೀರೋ, ನಮ್ಮ ನಮ್ಮ ಪಾಲೋ? ಪೈಪಿಂದಾದ್ರ ಎಲ್ಲಾರಿಗೂ ಒಂದ ಯಾಕ ಕಾಣಲಿಲ್ಲ? ಪಾಲಿಂದಾದ್ರ, ಓಡ್ರಿ ಅಂತ ಕೈ ಬೀಸಬಾರದಾಗಿತ್ತೇನು? ನನಗ ಇನ್ನೂ ತಿಳೀವಲ್ದು."

ನೀರು ಹೀರಿದ ನುಣುಪು ಕೆಸರು ಒಮ್ಮೆ ಅಲುಗಿದರೆ ದ್ರವದಂತೆ ಹರಿಯುತ್ತದೆ ಎಂಬುದನ್ನು ನಾನು ಓದಿದ್ದೆ. ಒಡ್ಡು ಸದ್ದಿಲ್ಲದೆ ಜರಿದದ್ದಕ್ಕೆ ಅದು ಉತ್ತರವಾದೀತು. ಆದರೆ ಅಕ್ಕಪಕ್ಕ ನಿಂತ ಇಬ್ಬರು ಹೆಂಗಸರಿಗೆ ಒಂದೇ ಗಳಿಗೆಯಲ್ಲಿ ಎರಡು ಮಟ್ಟ ಕಂಡದ್ದು ಆ ಲೆಕ್ಕಕ್ಕೆ ಸಿಗುವಂಥದ್ದಲ್ಲ.

"ಅಲ್ಲಿ ಹೊಸಾ ಮಾಲಕ ಬಂದಾನಂತಲ್ಲ," ಎಂದರು ಕರಬಸಪ್ಪ, ದನಿ ತಗ್ಗಿಸಿ.

"ಬಂದಾನ್ರಿ. ಅದ ಕಣಿವಿ, ಮೊದಲಿನಕಿಂತ ಎತ್ತರದ ಒಡ್ಡು."

"ಪೈಪ್ ಹಾಕಿದ್ದಾರೆಯೇ? ಯಾರಾದರೂ ಅಳೆಯುತ್ತಾರೆಯೇ?" ಎಂದು ಕೇಳಿದೆ.

"ಪೈಪ್ ನನಗ ಕಾಣಲಿಲ್ರಿ. ಮೊನ್ನೆ ಗಂಡನ ಗೋರಿಗೆ ಹೂವು ಹಾಕಾಕ ಹೋಗಿದ್ದೆ. ಭಾವ ಹೊಸಾ ಒಡ್ಡಿನ ಮ್ಯಾಲೆ ನಿಂತಿದ್ದ. ಈ ಸಲ ನನ್ನ ಕಡೆ ನೋಡಲಿಲ್ಲ… ಕಣಿವಿ ಕೆಳಗಿನ ಊರ ಕಡೆ ಮಾರಿ ಮಾಡಿ, ಎರಡೂ ಕೈ ತಲಿ ಮ್ಯಾಲೆ ಇಟಗೊಂಡಿದ್ದ. ಹೊತ್ತು ಮುಳಗೂ ತನಕ ನಿಂತು ನೋಡಿದೆ. ಕೈ ಇಳಸಲೇ ಇಲ್ರಿ."