ಪಂಚಮಿಗೆ ಕರೆದಾಕಿ

ದೀಪಾ ಸಣ್ಣ ಮಾಡ್ರಿ. ಕರೆಂಟ್ ಬರೂತನಕ ಹೇಳ್ತೇನಿ, ಬಂದ್ರ ನಿಲ್ಲಸ್ತೇನಿ. ನಡುವ ಯಾರರೆ ಕಿಸಕ್ಕಂತ ನಕ್ರ ಎಬ್ಬಿಸಿ ಅಂಗಳದಾಗ ಮಲಗಸ್ತೇನಿ, ಈಗ ಹೇಳಿರ್ತೇನಿ.

ಇದು ನಮ್ಮ ಕಾಕಾನ ಮಗ ಹನಮೇಶಗ ಆದದ್ದು. ತೊಂಬತ್ತೊಂಬತ್ತನೇ ಇಸವಿ, ಆಷಾಢದ ಕಡೀಕ. ಅಂವ ಅಮರಗೋಳದ ಮಾರ್ಕೆಟ್ ಯಾರ್ಡಿನ್ಯಾಗ ತೂಕದ ಕೆಲಸಾ ಮುಗಿಸಿ ರಾತ್ರಿ ಒಬ್ಬನ ಮನಿಗೆ ಬರಾಕತ್ತಿದ್ದ. ಮನಿ ಹತ್ರ ಒಂದು ಹಾಳ ಬಾವಿ. ಅದರಾಗ ನೀರಿಲ್ಲ, ಬರೇ ಕಸಾ. ಅದನ್ನ ದಾಟೂ ಮುಂದ ಒಳಗಿಂದ ಸಪ್ಪಳ ಬಂತಂತ. ಮೊದಲ "ಧಪ್"... ಆಮ್ಯಾಲ "ಸರ್ರ್ರ್..." ಅಂತ ಏನೋ ಹಿಂದಕ್ಕ ಎಳಕೊಂಡಂಗ. ಮತ್ತ "ಧಪ್". ಹನಮೇಶ ಒಮ್ಮೆ ಗೋಕರ್ಣಕ್ಕ ಹೋಗಿ ಬಂದಿದ್ದ, ಅದಕ್ಕ ಗುರ್ತು ಹತ್ತಿತು. ಸಮುದ್ರದ ತೆರಿ ಸಪ್ಪಳ. ಅಮರಗೋಳದಾಗ!

ಅಂವ ನಿಂತ. ಸಪ್ಪಳನೂ ನಿಂತ್ತು.

ಆಗ ಹಿಂದಿಂದ, ಭಾಳ ಮೆತ್ತಗ... "ಅಣ್ಣ ಕರಿಯಾಕ ಬರ್ತಾನ."

ದನಿ ಅವನ ತಂಗಿ ಭುವನೇಶ್ವರೀದು. ತಿರುಗಿ ನೋಡಿದ್ರ ಯಾರೂ ಇಲ್ಲ.

ಮನಿಗೆ ಬಂದು ನೋಡ್ತಾನ, ಭುವನೇಶ್ವರಿ ಅವ್ವನ ಬಾಜೂಕ ಕುಂತು ಶೇಂಗಾ ಸುಲಿಯಾಕತ್ತಾಳ.

"ನೀ ಈಗ ಬಾವೀತನ ಬಂದಿದ್ಯೇನು?"

"ಇಲ್ಲೋ ಯಣ್ಣಾ. ಸಂಜಿಯಿಂದ ಇಲ್ಲೇ ಅದೇನಿ."

"ಮತ್ತ 'ಅಣ್ಣ ಕರಿಯಾಕ ಬರ್ತಾನ' ಅಂದಾವ್ರು ಯಾರು?"

ಭುವನೇಶ್ವರಿ ಕೈಯಾನ ಮೊರ ಜಾರಿ ಬಿತ್ತು. ಶೇಂಗಾ ಎಲ್ಲಾ ನೆಲದ ತುಂಬ. ಆಕಿ ಆರಿಸಾಕ ಬಗ್ಗಲೂ ಇಲ್ಲ.

ಯಾಕಂದ್ರ ಆ ಮಾತು ಆಕೀದ. ಭುವನೇಶ್ವರಿ ನರ್ಸು. ಲಿಬಿಯಾ ದೇಶದಾಗ ಒಂದು ದವಾಖಾನ್ಯಾಗ ಕೆಲಸಾ ಮಾಡಿ ಆ ವರ್ಷನ ಹೊಳ್ಳಿ ಬಂದಿದ್ಲು. ಅಲ್ಲಿ ಸಮುದ್ರದ ದಂಡಿಗೆ ಒಂದು ಹಾಳ ಚರ್ಚು ಐತಂತ. ಬೈಜಾಂಟೈನ್ ಅನ್ನೂ ರಾಜರ ಕಾಲದ್ದು, ಸಾವಿರ ವರ್ಷದ ಮ್ಯಾಲಾತಂತ. ಮಾಳಿಗಿ ಇಲ್ಲ, ಮಂದಿ ಇಲ್ಲ, ನಾಕು ಕಂಬಾ ನಿಂತಾವು. ಅರ್ಧಾ ನೆಲಾ ಕುಸದು ಸಮುದ್ರಕ್ಕ ಬಿದ್ದೈತಿ. ಉಳದ ನೆಲದಾಗ ಬಣ್ಣಬಣ್ಣದ ಸಣ್ಣ ಕಲ್ಲು ಕೂಡಿಸಿ ಒಬ್ಬ ಹೆಣಮಗಳ ಚಿತ್ರಾ ಮಾಡ್ಯಾರ. ದೊಡ್ಡ ಕಣ್ಣು. ಎರಡೂ ಕೈಲೆ ಸೆರಗು ಮುಂದ ಹಿಡದಾಳ. ಸೆರಗಿನ್ಯಾಗ ಏನಿತ್ತೋ ಏನೋ, ಅಲ್ಲಿನ ಕಲ್ಲು ಕಿತ್ತು ಹೋಗಿ ಬರೇ ಗುಣಿ ಉಳದೈತಿ. ನಮ್ಮ ಹೆಣಮಕ್ಕಳು ಅದನ್ನ ನೋಡಿದ್ರ ಏನ್ ತಿಳ್ಕೋತಾರ ಹೇಳ್ರಿ? ಉಡಿ ಒಡ್ಡ್ಯಾಳ ಅಂತ ತಿಳ್ಕೋತಾರ.

ಹಿಂದಿನ ವರ್ಷ ಪಂಚಮಿ ದಿವ್ಸ ಇಕಿಗೆ ತವರು ನೆನಪಾಗಿ ಅಳು ತಡೀಲಿಲ್ಲಂತ. ಅಲ್ಲಿಗೆ ಹೋಗಿ ಆ ಗುಣಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಹಾಕಿ ಉಡಿ ತುಂಬ್ಯಾಳ. ತುಂಬ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಉಡಿ ತುಂಬಿದ ಮ್ಯಾಲ ಮನಿ ಮಗಳಿಗೆ ಅನ್ನೂ ಮಾತು ಅಂದುಬಿಟ್ಟಾಳ. "ಬರೂ ಪಂಚಮಿಗೆ ತವರಿಗೆ ಬಾರವ್ವಾ. ಅಣ್ಣ ಕರಿಯಾಕ ಬರ್ತಾನ."

ಎಂಥಾ ಹುಚ್ಚಿ ನೋಡ್ರಿ! ನನಗ ಈಗೂ ಸಿಟ್ಟು ಬರ್ತೈತಿ. ಇದ್ದ ಮನಿ ಸಮುದ್ರದ ಪಾಲಾದಾಕಿನ್ನ, ಅಷ್ಟು ವರ್ಷ ಯಾರೂ ಮಾತಾಡಸದಾಕಿನ್ನ, ತವರಿಗೆ ಬಾ ಅಂದ್ರ ಸುಮ್ಮನ ಬಿಡ್ತಾಳೇನು?

ಅವತ್ತಿನಿಂದ ಹನಮೇಶಗ ಕುಂತಲ್ಲೆ ಕುಂದ್ರಾಕ ಆಗವಲ್ತು. ನಿಂತ ಉಣ್ಣಾವ. ಉಣ್ಣೂದು ಬಿಟ್ಟು ಬಾಗಲಕ್ಕ ಹೋಗಾವ, ಬರಾವ, ಮತ್ತ ಹೋಗಾವ. ಹಾಸಗ್ಯಾಗ ಮಲಗಿದ್ರೂ ಕಾಲು ನಡದಂಗ ಆಡ್ತಿದ್ವು. ಹೇಣ್ತಿ ಕಾವೇರಿ ದಿನಾ ತುಂಬಿದ ಬಸರಿ. ರಾತ್ರಿ ಎಚ್ಚರಾದ್ರ ಅಂವ ಕತ್ತಲದಾಗ ಚಪ್ಪಲಿ ಹಾಕೊಂಡು ನಿಂತಿರ್ತಿದ್ದ.

"ಎಲ್ಲಿಗ್ರಿ?"

"ಎಲ್ಲೂ ಇಲ್ಲ... ನೀ ಮಲಕೋ."

ಒಂದಿನ ನಸುಕಿನ್ಯಾಗ ಮನ್ಯಾಗ ಇಲ್ಲ. ಹುಡುಕಿದ್ರ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡಿನ್ಯಾಗ ಕಾರವಾರದ ಬಸ್ ಹತ್ತಿ ನಿಂತಿದ್ದ, ಸೀಟು ಖಾಲಿ ಇದ್ರೂ. ನಾನ ಹೋಗಿ ರಟ್ಟಿ ಹಿಡದು ಇಳಿಸಿದೆ. ಬಗಲಾಗ ಒಂದು ಹೊಸಾ ಸೀರಿ.

"ಎಲ್ಲಿಗೆ ಹೊಂಟೀಯೋ?"

"ತಂಗೀನ ಕರಿಯಾಕ."

"ತಂಗಿ ಮನ್ಯಾಗ ಅದಾಳಲ್ಲೋ!"

"ಇನ್ನೊಬ್ಬಾಕಿ," ಅಂದ. ಆಮ್ಯಾಲ ಪಿಸುಮಾತಿನ್ಯಾಗ, "ದಂಡೀತನ ಹೋದ್ರ ಸಾಕಂತ ಅಕ್ಕಾ... ಅಲ್ಲಿಂದ ಆಕಿನ ದಾರಿ ತೋರಸ್ತಾಳಂತ."

ಇಂವ ಒಂದಿಲ್ಲ ಒಂದಿನ ನಮ್ಮ ಕಣ್ಣು ತಪ್ಪಿಸಿ ಹೋಗಿ ನೀರಿಗೆ ಇಳಿಯಾವನ ಅಂತ ಗೊತ್ತಾತು.

ಅವನ ಅವ್ವ, ನಮ್ಮ ಸತ್ಯವ್ವ ಕಾಕಿ, ಎಲ್ಲಾ ಕೇಳಿ ಅಳಲಿಲ್ಲ, ಬೈಲಿಲ್ಲ. "ಅಂವ ಕರಿಯಾಕ ಹೋದ್ರ ಹೊಳ್ಳಿ ಬರಂಗಿಲ್ಲ," ಅಂದ್ಲು. "ಕರದದ್ದು ಖರೇ ಐತಿ. ಆಕಿನ್ನ ಇಲ್ಲಿಂದನ ಕರಿಯೂಣು. ಮಗಳು ಬಂದ ಮ್ಯಾಲ ಅಣ್ಣ ಯಾಕ ಹೋಗಬೇಕು?"

ಪಂಚಮಿ ಹಬ್ಬದ ಮೊದಲನೇ ದಿನ, ರೊಟ್ಟಿ ಪಂಚಮಿ ರಾತ್ರಿ. ಬಾವಿ ಬಾಜೂಕ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ವಿ. ಕಾಕಿ ಕಂದೀಲು ಹಿಡದು ಬಾವಿ ಕಟ್ಟಿಗೆ ನಿಂತ್ಲು. ಹಿಂದ ನಾವೆಲ್ಲಾರೂ. ಹನಮೇಶನ ಒಂದು ಕೈ ನಾ ಹಿಡದಿದ್ದೆ, ಇನ್ನೊಂದು ಕಾವೇರಿ.

"ಬಾರವ್ವಾ," ಅಂದ್ಲು ಕಾಕಿ. "ಅಣ್ಣಗ ಆರಾಮಿಲ್ಲ. ನೀನ ಬಾ."

ಏನೂ ಇಲ್ಲ... ಗಾಳಿ ಸೈತ ಇಲ್ಲ...

"ಧಪ್."

ಆಮ್ಯಾಲ ಹಸಿ ಪಾದದ ಸಪ್ಪಳ. ಪಚ್... ಪಚ್... ಪಚ್... ನಮ್ಮ ಬಾಜೂಕ ಹಾದು ಹೋತು. ನನ್ನ ಸೀರಿ ನಿರಿಗಿಗೆ ತಣ್ಣಂದು ತಾಕಿತು, ಆಣಿ ಮಾಡಿ ಹೇಳ್ತೇನಿ. ಜೋಕಾಲಿ ಹಗ್ಗ "ಕಿರ್ರ್... ಕಿರ್ರ್..." ಅನ್ನಾಕತ್ತಿತು. ಕುಂದ್ರೂ ಮಣಿ ಮ್ಯಾಲ ಯಾರೂ ಇಲ್ಲ.

"ಬಂದ್ಲು," ಅಂದ ಹನಮೇಶ. ಅಲ್ಲೇ ಕಲ್ಲಿನ ಮ್ಯಾಲ ಕುಂತ. ಎಷ್ಟೋ ದಿನದ ಮ್ಯಾಲ ಅಂವ ಕುಂತದ್ದು. ಕುಂತಾವ ಹಂಗ ಅಡ್ಡಾಗಿ ಗೊರಕಿ ಹೊಡದ. ಕಾವೇರಿ ಅವನ ತಲಿ ತೊಡಿ ಮ್ಯಾಲ ಇಟ್ಕೊಂಡು ಬೆಳಕು ಹರಿಯೂತನ ಹಂಗ ಕುಂತ್ಲು.

ಮರುದಿನ ಆ ಜೋಕಾಲಿಗೆ ಯಾರನ್ನೂ ಹತ್ತಗೊಡಲಿಲ್ಲ. ಎಡಿ ಇಟ್ವಿ, ಉಂಡಿ ಇಟ್ವಿ. ಸಂಜೀಕ ಕಳಸಬೇಕಲ್ಲ... ಖರೇ ಅಂಜಿಕಿ ಆವಾಗ ಶುರು ಆತು. ಭುವನೇಶ್ವರಿ ಅವ್ವನ ಕಾಲು ಹಿಡಕೊಂಡ್ಲು.

"ಯವ್ವಾ, 'ಹೋಗಿ ಬಾ' ಅನಬ್ಯಾಡ. ನಾ ಒಮ್ಮೆ ಅಂದು ಸಾಕಾಗೇತಿ. 'ಹೋಗು' ಅಂದುಬಿಡು, ಅಷ್ಟ."

ಕಾಕಿ ಜೋಕಾಲಿ ಮಣಿ ಮ್ಯಾಲ ಅಕ್ಕಿ, ಕೊಬ್ಬರಿ, ಆ ಹೊಸಾ ಸೀರಿ ಇಟ್ಲು. ಹಗ್ಗದ ಸಪ್ಪಳ ನಿಂತ್ತು. ಕೇಳಾಕ ನಿಂತಂಗ ನಿಂತ್ತು. ಕಾಕಿ ಸೀರಿ ಮಡಿಕಿ ಒಮ್ಮೆ ಸರಿ ಮಾಡಿದ್ಲು, ಇನ್ನೊಮ್ಮೆ ಸರಿ ಮಾಡಿದ್ಲು.

"ಮಗಳಿಗೆ 'ಹೋಗು' ಅನ್ನಾಕ ನನಗ ಬಾಯಿ ಬರೂದಿಲ್ಲ," ಅಂದ್ಲು ಕಡೀಕ. ಆ ಮಣಿ ಕಡೆ ತಿರುಗಿ, "ಹೋಗಿ ಬಾರವ್ವಾ. ಪಂಚಮಿಗೆ ನೀನ ಬಾ. ಅಣ್ಣನ ದಾರಿ ಕಾಯಬ್ಯಾಡ, ಅವಂಗ ಹೇಣ್ತಿ ಅದಾಳ, ಕೂಸು ಬರೂದೈತಿ. ಕರಿಯಾಕೂ ಕಳಸಾಕೂ ನಾ ಇರ್ತೇನಿ."

ಪಚ್... ಪಚ್... ಬಾವಿ ಕಡೆ ಅಲ್ಲ, ಹಾದಿ ಕಡೆ ಹೋತು ಸಪ್ಪಳ. ನಾ ಅಂಜಿಕೀನೂ ಮರತು ಅತ್ತೆ. ಯಾಕ ಅತ್ತೆ ಅಂತ ಕೇಳಬ್ಯಾಡ್ರಿ. ಹೆಣಮಕ್ಕಳಿಗೆ ಗೊತ್ತಾಗ್ತೈತಿ.

ಮರುದಿನ ಮುಂಜಾನೆ ಬಳಿಗಾರ ಅಲ್ಲಾಸಾಬ ಬಂದ. ನಮಗೆಲ್ಲಾ ಬಳಿ ಇಟ್ಟು ಗಂಟು ಕಟ್ಟಿದ. ಕಾಕಿ ಚಾ ತಂದುಕೊಟ್ಲು. ಅಂವ ಬಟ್ಟಲಾ ಹಿಡಕೊಂಡು ಬ್ಯಾಸರಲೆ ಅಂದ, "ಏನ್ ಅವ್ವಾರ... ಪಂಚಮಿಗೆ ಬಂದ ಮಗಳನ್ನ ಬಳಿ ಇಡಸದ ಕಳಸೂದೇನ್ರಿ? ನಿನ್ನೆ ನಿಮ್ಮ ಮನಿಂದ ಹೊಂಟಿದ್ಲು, ಬರಿಗೈ. ನಾ ಹಾದ್ಯಾಗ ಕುಂದ್ರಿಸಿ ಹಸರ ಬಳಿ ಇಟ್ಟು ಕಳಿಸಿದೆ."

ಗಾಬರ್ಯಾಗ ನಾವು ಬಳಿ ಮರತಿದ್ವಿ. ಕಾಕಿ ಸೆರಗು ಬಾಯಿಗೆ ಇಟ್ಕೊಂಡು ಒಳಗ ಹೋದ್ಲು.

ಹನಮೇಶ ಆರಾಮ ಅದಾನ. ಗೋಕುಲ ರಸ್ತೆದಾಗ ಅಂಗಡಿ ಇಟ್ಟಾನ, ಮಗಳು ಸಾಲಿಗೆ ಹೋಗ್ತಾಳ. ಸುಳ್ಳು ಅನ್ನಾವ್ರು ಅಲ್ಲಾಸಾಬನ್ನ ಕೇಳ್ರಿ, ಇನ್ನೂ ಬಳಿ ಮಾರ್ತಾನ. ಅಂವ ಒಂದ ಮಾತು ಹೇಳ್ತಾನ. ಎರಡೂ ಕೈ ತುಂಬ ಬಳಿ ಇಟ್ಟೆ, ಆಕಿ ಕೈ ಬೀಸಕೋತ ಹೋದ್ಲು... ಒಂದು ಬಳಿ ಸೈತ ಸಪ್ಪಳಾ ಮಾಡಲಿಲ್ಲ ಅಂತ.